ಗಲ್ಲಾಪೆಟ್ಟಿಗೆ ಪಕ್ಕದ ಲ್ಯಾಟಿನ್ ಪುಸ್ತಕ: ಹನ್ನೊಂದು ತಿಂಗಳು ಓದಿದ ಮೇಲೆ

ಮೊದಲು ಬೀಡಿ ಕತೆ ಹೇಳಿಬಿಡುತ್ತೇನೆ, ಪುಸ್ತಕಕ್ಕೆ ಆಮೇಲೆ ಬರೋಣ.

ಬೆಳಗಾವಿಯ ಶಹಾಪುರದಲ್ಲಿ ನಮ್ಮದೊಂದು ಸಣ್ಣ ಮೆಡಿಕಲ್ ಶಾಪ್ ಇದೆ. ಇಪ್ಪತ್ತೆರಡು ವರ್ಷದಿಂದ ನಾನೇ ಕೂರುತ್ತೇನೆ. ಹೋದ ವರ್ಷ ಮಳೆ ಶುರುವಾದ ಹೊಸತರಲ್ಲಿ ಅಜ್ಜಿಯೊಬ್ಬರು ಡಾಕ್ಟರ ಚೀಟಿ ಹಿಡಿದು ಬಂದರು. ನಮ್ಮ ಕೆಲಸದ ಹುಡುಗ ಗುಳಿಗೆ ಎಣಿಸಿ ಕೊಡುತ್ತಾ, ಚೀಟಿಯಲ್ಲಿದ್ದದ್ದನ್ನು ಹಾಗೇ ಓದಿ, "ಆಯಿ, ಇದು ಬಿಡಿ" ಅಂದ. ಅಜ್ಜಿಗೆ ಗಾಬರಿ. "ಯಪ್ಪಾ, ತಂಬಾಕ ಬಿಟ್ಟು ಎರಡ ವರ್ಷಾತು, ಈಗ ಡಾಕ್ಟರ್ ಬೀಡಿ ಸೇದು ಅಂತ ಬರದಾರೇನು?" ಅಂಗಡಿ ತುಂಬ ನಗು. ಬಿಡಿ ಅಂದರೆ ದಿನಕ್ಕೆ ಎರಡು ಸಲ, ಮುಂಜಾನೆ ಒಂದು ರಾತ್ರಿ ಒಂದು, ಅಂತ ನಾನು ಸಮಾಧಾನ ಮಾಡಿದೆ. ಅಜ್ಜಿ ಬಿಡಲಿಲ್ಲ. "ಅದ್ಯಾವ ಭಾಷಾದಾಗ ಹಂಗಂತಾರ?" ಇಂಗ್ಲಿಷ್ ಅಂದೆ. ಪಕ್ಕದಲ್ಲಿ ನಿಂತಿದ್ದ ಕಾಲೇಜು ಹುಡುಗಿ ಮೆಲ್ಲಗೆ, "ಕಾಕಾ, ಅದು ಇಂಗ್ಲಿಷ್ ಅಲ್ಲರೀ" ಅಂದಳು.

ಅಲ್ಲ. ಅದು ಲ್ಯಾಟಿನ್. ಬಿಸ್ ದಿಯೇ, ದಿನದಲ್ಲಿ ಎರಡು ಸಲ. ಡಿ ಫಾರ್ಮ ಓದುವಾಗ ಇದನ್ನೆಲ್ಲ ಗಟ್ಟಿ ಹೊಡೆದಿದ್ದೆ, ಪರೀಕ್ಷೆ ಮುಗಿದ ದಿನವೇ ಮರೆತಿದ್ದೆ. ಅವತ್ತು ರಾತ್ರಿ ಕೂತು ದಿನಾ ನೋಡುವ ಅಕ್ಷರಗಳನ್ನೆಲ್ಲ ಬರೆದುಕೊಂಡೆ. ಟಿಡಿಎಸ್ ಅಂದರೆ ತೆರ್ ದಿಯೇ ಸೂಮೆಂದುಮ್, ದಿನಕ್ಕೆ ಮೂರು ಸಲ ತೆಗೆದುಕೊಳ್ಳಬೇಕಾದದ್ದು. ಎಸಿ ಅಂದರೆ ಅಂತೆ ಕಿಬುಮ್, ಊಟಕ್ಕೆ ಮುಂಚೆ. ಪಿಸಿ ಅಂದರೆ ಪೊಸ್ತ್ ಕಿಬುಮ್, ಊಟ ಆದ ಮೇಲೆ. ಎಚ್‌ಎಸ್ ಅಂದರೆ ಹೋರಾ ಸೊಮ್ನೀ, ನಿದ್ದೆಯ ಹೊತ್ತಿಗೆ. ಎಸ್‌ಒಎಸ್ ಅಂದರೆ ಹಡಗು ಮುಳುಗುವಾಗ ಕೂಗುವುದು ಅಂತ ತಿಳಿದವರೇ ಜಾಸ್ತಿ, ಆದರೆ ಚೀಟಿಯಲ್ಲಿ ಅದು ಸೀ ಒಪುಸ್ ಸಿತ್, ಬೇಕಾದರೆ ಮಾತ್ರ. ಇನ್ನು ನಮ್ಮ ಬೋರ್ಡಿನ ಮೇಲೇ ಇರುವ ಆ ಆರ್‌ಎಕ್ಸ್ ಗುರುತು. ಅದು ರೆಕಿಪೆ, "ತೆಗೆದುಕೋ" ಅಂತ. ಅಡುಗೆ ಮಾಡುವವರು ಹೇಳುವ ರೆಸಿಪಿಯೂ ಅದೇ ಪದ. ಇಷ್ಟು ವರ್ಷ ಆ ಬೋರ್ಡ್ ಒರೆಸಿದ್ದೇನೆ, ಅದು ಒಂದು ಕ್ರಿಯಾಪದ ಅಂತ ಗೊತ್ತಿರಲಿಲ್ಲ.

ಹೀಗೆ ಹುಚ್ಚು ಹತ್ತಿತು. ಹೆಂಡತಿ, "ನಲವತ್ತೇಳಕ್ಕೆ ಜನ ಶುಗರ್ ಹಚ್ಚಿಕೊಳ್ತಾರ, ನೀವು ಲ್ಯಾಟಿನ್ ಹಚ್ಚಿಕೊಂಡ್ರಿ" ಅಂದಳು.

ಮೊದಲು ಮೊಬೈಲಿನಲ್ಲಿ ಒಂದು ಪುಕ್ಕಟೆ ಆಪ್ ಹಾಕಿಕೊಂಡೆ. ನಲವತ್ತು ದಿನ ಬಿಡದೆ ಮಾಡಿದೆ. ಅಂಕ ಬರುತ್ತದೆ, ಗಂಟೆ ಬಾರಿಸುತ್ತದೆ, ಖುಷಿಯಾಗುತ್ತದೆ, ಆದರೆ ಪದದ ಬಾಲ ಯಾಕೆ ಬದಲಾಯಿತು ಅಂತ ಅದು ಒಂದು ಸಲವೂ ಹೇಳಲಿಲ್ಲ. ಆಮೇಲೆ ಇಂಗ್ಲಿಷಿನಲ್ಲಿ ವಿವರಿಸುವ ಹಳೇ ಶೈಲಿಯ ಒಂದು ದಪ್ಪ ಪುಸ್ತಕ ತೆಗೆದುಕೊಂಡೆ. ಅದರಲ್ಲಿ ಮೊದಲ ಹತ್ತು ಪುಟ ವಿಭಕ್ತಿ ಅಂದರೆ ಏನು ಅಂತಲೇ ಹೇಳುತ್ತಾರೆ, ಹುಲಿ ಬಂತು ಹುಲಿ ಅನ್ನುವ ಹಾಗೆ ಹೆದರಿಸುತ್ತಾರೆ. ಇಂಗ್ಲಿಷಿನವರಿಗೆ ಅದು ಹುಲಿಯೇ ಇರಬಹುದು. ನಮಗೆ ಅದು ಮನೆ ಬೆಕ್ಕು. ಇದನ್ನು ಮುಂದೆ ಹೇಳುತ್ತೇನೆ, ನನ್ನ ಇಡೀ ರಿವ್ಯೂ ಅಲ್ಲೇ ಇದೆ.

ಈಗ ಪುಸ್ತಕ. ಹೆಸರು ಲಿಂಗ್ವ ಲತೀನ ಪೆರ್ ಸೇ ಇಲ್ಲೂಸ್ತ್ರಾತ, ಅದರ ಮೊದಲ ಭಾಗ ಫಮಿಲಿಅ ರೋಮಾನ. ಬರೆದವರು ಡೆನ್ಮಾರ್ಕಿನ ಹಾನ್ಸ್ ಓರ್ಬರ್ಗ್, 1920ರಿಂದ 2010ರವರೆಗೆ ಬದುಕಿದ್ದವರು. ಪುಸ್ತಕ ಮೊದಲು ಬಂದದ್ದು 1955ರಲ್ಲಿ, ಬೇರೆ ಹೆಸರಿನಲ್ಲಿ. 35 ಅಧ್ಯಾಯ, 300ಕ್ಕೂ ಹೆಚ್ಚು ಪುಟ. ಇದರ ವಿಶೇಷ ಏನಂದರೆ ಇಡೀ ಪಾಠದಲ್ಲಿ ಲ್ಯಾಟಿನ್ ಬಿಟ್ಟು ಒಂದು ಅಕ್ಷರ ಬೇರೆ ಭಾಷೆ ಇಲ್ಲ. ಅರ್ಥ ಹೇಳುವುದೂ ಲ್ಯಾಟಿನ್ನಿನಲ್ಲೇ. ಮೊದಲ ಪಾಠ ಒಂದು ನಕ್ಷೆ. ರೋಮ್ ಎಲ್ಲಿದೆ, ಇಟಲಿ ಎಲ್ಲಿದೆ, ನೈಲ್ ನದಿ ಎಲ್ಲಿದೆ ಅಂತ ಸಣ್ಣ ಸಣ್ಣ ವಾಕ್ಯ. ನಕ್ಷೆ ನೋಡಿಕೊಂಡು ಓದಿದರೆ ನಿಘಂಟು ಇಲ್ಲದೆ ಗೊತ್ತಾಗುತ್ತದೆ. ಪುಟದ ಅಂಚಿನಲ್ಲಿ ಚಿಕ್ಕ ಚಿತ್ರ, ಸಮ ಚಿಹ್ನೆ ಹಾಕಿ ಇನ್ನೊಂದು ಸುಲಭ ಪದ, ಎರಡು ಕಡೆ ಬಾಣ ಹಾಕಿ ವಿರುದ್ಧ ಪದ. ಮಕ್ಕಳ ಪುಸ್ತಕದ ಹಾಗೆ ಕಾಣುತ್ತದೆ, ಆದರೆ ಮಕ್ಕಳಾಟ ಅಲ್ಲ. ಮುಗಿಯುವ ಹೊತ್ತಿಗೆ ಸುಮಾರು 1800 ಪದ ತಲೆಗೆ ಹೋಗಿರುತ್ತದೆ.

ಬೆಳಗಾವಿಯ ಪುಸ್ತಕದಂಗಡಿಗಳಲ್ಲಿ ಕೇಳಿದೆ. ಒಬ್ಬರು ಮ್ಯಾಟ್ರಿಮೋನಿ ಪುಸ್ತಕವಾ ಅಂದರು, ಯಾಕೆ ಹಾಗೆ ಕೇಳಿಸಿತೋ ದೇವರೇ ಬಲ್ಲ. ಕೊನೆಗೆ ಆನ್‌ಲೈನಿನಲ್ಲಿ ತರಿಸಿದೆ. ಯಾರಿಂದ ಅಂತ ಹೆಸರು ಹಾಕುವುದಿಲ್ಲ, ಬಂದದ್ದು ಮಾತ್ರ ಝೆರಾಕ್ಸ್ ಮಾಡಿ ಬೈಂಡ್ ಹಾಕಿದ ಪ್ರತಿ. ಹೋಗಲಿ, ಓದಿದರೆ ಆಯಿತು ಅಂತ ಶುರು ಮಾಡಿದೆ. ಎರಡು ವಾರ ತಲೆ ಕೆಟ್ಟುಹೋಯಿತು. "ಪುಎಲ್ಲ" ಅನ್ನುವ ಒಂದೇ ಪದ ಒಂದು ಸಾಲಿನಲ್ಲಿ "ಹುಡುಗಿ" ಅಂತ ಇದೆ, ಇನ್ನೊಂದು ಸಾಲಿನಲ್ಲಿ "ಹುಡುಗಿಯ ಜೊತೆ". ಅದು ಹೇಗೆ? ನನ್ನ ಮಗಳು ನೆಟ್ಟಿನಲ್ಲಿ ಒಂದು ಪುಟದ ಫೋಟೋ ನೋಡಿ, "ಪಪ್ಪಾ, ಇದರಾಗ ಅಕ್ಷರದ ಮ್ಯಾಲೆ ಗೆರಿ ಐತಿ, ನಿಮ್ಮ ಪುಸ್ತಕದಾಗ ಇಲ್ಲ" ಅಂದಳು. ಭೂತಗನ್ನಡಿ ಹಿಡಿದು ನೋಡಿದೆ. ನಿಜ. ದೀರ್ಘ ಸ್ವರದ ಮೇಲೆ ಒಂದು ಅಡ್ಡ ಗೆರೆ ಇರಬೇಕು. ಝೆರಾಕ್ಸ್ ಮಷಿನ್ನು ಎಲ್ಲವನ್ನೂ ನುಂಗಿತ್ತು. ಕಾದಾಡಿ ಅರ್ಧ ದುಡ್ಡು ವಾಪಸ್ ತೆಗೆದುಕೊಂಡು, ಬೇರೆ ಕಡೆಯಿಂದ ಅಸಲಿ ಪ್ರತಿ ತರಿಸಿದೆ. ಎರಡು ಸಾವಿರ ದಾಟಿತು. ಆದ್ದರಿಂದ ಮೊದಲ ಸಲಹೆ ಇದು: ಸಸ್ತಾ ಸಿಕ್ಕಿತು ಅಂತ ತರಿಸಬೇಡಿ, ಒಳಗಿನ ಪುಟದ ಫೋಟೋ ಕೇಳಿ, ಗೆರೆ ಕಾಣುತ್ತದಾ ನೋಡಿ.

ಆ ಗೆರೆ ಯಾಕೆ ಇಷ್ಟು ಮುಖ್ಯ ಅಂದರೆ, ಲ್ಯಾಟಿನ್ನಿನಲ್ಲಿ ಹ್ರಸ್ವ ದೀರ್ಘ ಬದಲಾದರೆ ಅರ್ಥವೇ ಬದಲು. ಮಲುಮ್ ಅಂದರೆ ಕೆಟ್ಟದ್ದು, ಮಾಲುಮ್ ಅಂದರೆ ಸೇಬು. ಲಿಬೆರ್ ಪುಸ್ತಕ, ಲೀಬೆರ್ ಸ್ವತಂತ್ರ. ವೆನಿತ್ ಬರುತ್ತಾನೆ, ವೇನಿತ್ ಬಂದ. ಕೊನೆಯ ಜೋಡಿ ನೋಡಿ. ಎ ಮತ್ತು ಏ. ಇಂಗ್ಲಿಷ್ ಅಕ್ಷರದಲ್ಲಿ ಇದಕ್ಕೆ ಬೇರೆ ಬೇರೆ ಗುರುತೇ ಇಲ್ಲ, ಅದಕ್ಕೇ ಗೆರೆ ಎಳೆಯಬೇಕು. ದೇವನಾಗರಿಯಲ್ಲೂ ಹಿಂದಿ ಮರಾಠಿ ಬರೆಯುವಾಗ ಎ ಏ, ಒ ಓ ಅಂತ ಎರಡೆರಡು ಇಲ್ಲ. ಕನ್ನಡದಲ್ಲಿ ಇದೆ. ಅ ಆ, ಇ ಈ, ಉ ಊ, ಎ ಏ, ಒ ಓ. ಲ್ಯಾಟಿನ್ನಿಗೆ ಬೇಕಾದ ಹತ್ತು ಸ್ವರ ಸರಿಯಾಗಿ ಹತ್ತು, ಒಂದು ಕಮ್ಮಿ ಇಲ್ಲ. ಎರಡು ಅಕ್ಷರ ಕೂಡಿಸಿ ಬರೆಯುವ ಅವರ ಇನ್ನೊಂದು ಸ್ವರಕ್ಕೂ ನಮ್ಮ ಐ ಇದೆ. ಒತ್ತಕ್ಷರವೂ ಇದೆ. ಅನುಸ್ ಅಂದರೆ ಮುದುಕಿ, ಅನ್ನುಸ್ ಅಂದರೆ ವರ್ಷ, ನಮಗೆ ಇದರಲ್ಲಿ ಕಷ್ಟವೇನಿದೆ? ಅವತ್ತಿಂದ ನಾನು ಹೊಸ ಪದಗಳನ್ನು ಗುಳಿಗೆ ಡಬ್ಬಿಯ ರಟ್ಟು ಹರಿದು ಅದರ ಹಿಂದೆ ಕನ್ನಡದಲ್ಲೇ ಬರೆದುಕೊಳ್ಳುತ್ತೇನೆ. ಗಲ್ಲಾ ಡ್ರಾಯರಿನಲ್ಲಿ ಚಿಲ್ಲರೆಗಿಂತ ರಟ್ಟೇ ಜಾಸ್ತಿ ಆಗಿದೆ.

ಓದುವ ಹೊತ್ತು ಮಧ್ಯಾಹ್ನ. ಊಟದ ನಂತರ ಬಜಾರೆಲ್ಲ ತೂಕಡಿಸುವಾಗ ಅರ್ಧ ಗಂಟೆ ಸಿಗುತ್ತದೆ. ಒಂದು ಪಾಠಕ್ಕೆ ಒಂದು ವಾರ, ಕೆಲವಕ್ಕೆ ಎರಡು ವಾರ ಹಿಡಿದಿದೆ.

ಕತೆ ಒಂದು ರೋಮನ್ ಮನೆತನದ್ದು. ಯಜಮಾನ ಯೂಲಿಉಸ್, ಹೆಂಡತಿ ಐಮಿಲಿಅ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು, ಮನೆ ತುಂಬ ಗುಲಾಮರು. ಮೂರನೇ ಪಾಠದಲ್ಲೇ ಅಣ್ಣ ತಂಗಿಗೆ ಹೊಡೆಯುತ್ತಾನೆ, ಯಾರು ಯಾರಿಗೆ ಹೊಡೆದರು ಅನ್ನುವ ಜಗಳದಲ್ಲೇ ನಮಗೆ ದ್ವಿತೀಯಾ ವಿಭಕ್ತಿ ಕಲಿಸಿಬಿಡುತ್ತಾರೆ. ಎಂಟನೇ ಪಾಠ ಒಂದು ಅಂಗಡಿ. ಉಂಗುರದ ಬೆಲೆಗೆ ಚೌಕಾಸಿ. ಗಿರಾಕಿ ಜಾಸ್ತಿ ಆಯಿತು ಅನ್ನುವುದು, ಅಂಗಡಿಯವನು ಇದು ಕಮ್ಮಿಯೇ ಅನ್ನುವುದು, ಖಡೇಬಜಾರಿನಲ್ಲಿ ನಿಂತ ಹಾಗೇ ಆಯಿತು ನನಗೆ. ಹನ್ನೊಂದನೇ ಪಾಠ ನನ್ನ ಕಸುಬಿಗೆ ಹತ್ತಿರದ್ದು. ಹುಡುಗ ಮರದಿಂದ ಬಿದ್ದು ಕಾಲಿಗೆ ಪೆಟ್ಟು ಮಾಡಿಕೊಂಡಿರುತ್ತಾನೆ, ವೈದ್ಯ ಬರುತ್ತಾನೆ, ಬಂದವನು ಕೈಯಿಂದ ರಕ್ತ ತೆಗೆಯುತ್ತಾನೆ! ಕಾಲು ನೋವಿಗೆ ಕೈ ಕುಯ್ಯುವುದು. ಪುಸ್ತಕ ಓದುತ್ತಾ ನಾನು ಜೋರಾಗಿ "ಅರೇ" ಅಂದೆ, ಬಿಪಿ ಗುಳಿಗೆಗೆ ಬಂದ ವಕೀಲರು ಬೆಚ್ಚಿಬಿದ್ದರು. ಅವರಿಗೂ ಒಂದು ಮಾತು ಸಿಕ್ಕಿತು ಅನ್ನಿ. ಕೋರ್ಟಿನಲ್ಲಿ ಮ್ಯಾಂಡಮಸ್ ಅಂತ ರಿಟ್ ಹಾಕುತ್ತಾರಲ್ಲ, ಅದು ಮಂದಾಮುಸ್, "ಆಜ್ಞೆ ಮಾಡುತ್ತೇವೆ" ಅನ್ನುವ ಪೂರ್ತಿ ವಾಕ್ಯ, ಒಂದೇ ಪದ. ನಮ್ಮ ಲೈನಿನ ಪ್ಲಸೀಬೋ, ಅಂದರೆ ಒಳಗೆ ಔಷಧವೇ ಇಲ್ಲದ ಸಮಾಧಾನದ ಗುಳಿಗೆ, ಅದರ ಹೆಸರೂ ಹಾಗೇ, "ಮೆಚ್ಚಿಸುವೆನು".

ಈ ಒಂದೇ ಪದದ ವಾಕ್ಯ ಇಂಗ್ಲಿಷಿನವರಿಗೆ ವಿಚಿತ್ರ. ಕನ್ನಡದಲ್ಲಿ "ಬರುತ್ತೇವೆ" ಅಂದರೆ ಸಾಕು, ನಾವು ಅಂತ ಬೇರೆ ಹೇಳಬೇಕಾ? ಇಲ್ಲಿಂದ ಶುರುವಾಗುತ್ತದೆ ನಾನು ಹೇಳಬೇಕೆಂದ ಮಾತು. ಈ ಪುಸ್ತಕದಲ್ಲಿ ಇಂಗ್ಲಿಷ್ ಇಲ್ಲದಿರುವುದು ನಮಗೆ ನಷ್ಟ ಅಲ್ಲ, ಲಾಭ. ಇಂಗ್ಲಿಷಿನ ಮೂಲಕ ಹೋದರೆ ಮನೆ ಮುಂದಿನ ಬಾವಿಯ ನೀರಿಗೆ ಊರು ಸುತ್ತಿ ಬಂದ ಹಾಗೆ. ಸೀದಾ ಕನ್ನಡ ಇಟ್ಟುಕೊಂಡು ಓದಿ ನೋಡಿ.

ಪುಎರ್ ಪುಎಲ್ಲಮ್ ವಿದೆತ್. ಹುಡುಗ ಹುಡುಗಿಯನ್ನು ನೋಡುತ್ತಾನೆ. ಪದಕ್ಕೆ ಪದ, ಅದೇ ಸಾಲಿನಲ್ಲಿ. ಕ್ರಿಯಾಪದ ಕೊನೆಗೆ. ಇಂಗ್ಲಿಷಿನ ಎ, ದ ಥರ ಹೆಸರಿನ ಮುಂದೆ ಏನೋ ಅಂಟಿಸುವ ರಗಳೆ ಇಲ್ಲ. ಪ್ರಶ್ನೆ ಮಾಡಬೇಕಾದರೆ ನಾವು ಬಾಲಕ್ಕೆ ಆ ಹಚ್ಚುತ್ತೇವೆ, ಬರುತ್ತಾನಾ ಅಂತ. ಅವರು ನೆ ಹಚ್ಚುತ್ತಾರೆ, ವೆನಿತ್‌ನೆ ಅಂತ. ಹೌದು ಅನ್ನುವ ಉತ್ತರ ಬೇಕಿದ್ದರೆ ನಾವು ಅಲ್ವಾ ಅಂತೀವಿ, ಅವರಿಗೆ ಅದಕ್ಕೇ ನೋನ್ನೆ ಅಂತ ಬೇರೆ ಪದ ಇದೆ, ವಾಕ್ಯದ ಮುಂದೆ ಬರುತ್ತದೆ. "ಹುಡುಗನೂ ಹುಡುಗಿಯೂ" ಅನ್ನುವುದಕ್ಕೆ ಪುಎರ್ ಪುಎಲ್ಲಕ್ವೆ. ನಮ್ಮ ಊ ಎರಡಕ್ಕೂ ಹತ್ತುತ್ತದೆ, ಅವರ ಕ್ವೆ ಎರಡನೆಯದಕ್ಕೆ ಮಾತ್ರ. ಇನ್ನೊಂದು ಕೇಳಿ. ಮಿಹಿ ಫೀಲಿಅ ಎಸ್ತ್. ಇಂಗ್ಲಿಷಿನವರು ಇದನ್ನು ಅರ್ಥ ಮಾಡಿಸಲು ಅರ್ಧ ಪುಟ ಬರೆಯುತ್ತಾರೆ, ಯಾಕಂದರೆ ಅವರು ಮಗಳನ್ನು ಹೊಂದಿರುತ್ತಾರೆ. ನಮಗೆ ಮಗಳು ಇರುತ್ತಾಳೆ. "ನನಗೆ ಮಗಳಿದ್ದಾಳೆ." ಮಿಹಿ ಅಂದರೆ ನನಗೆ, ಚತುರ್ಥೀ ವಿಭಕ್ತಿ, ಮುಗಿಯಿತು.

ವಿಭಕ್ತಿ ಅಂದಕೂಡಲೆ ಶಾಲೆ ನೆನಪಾಗುತ್ತದೆ ಅಲ್ವಾ? ಪ್ರಥಮಾ ಉ, ದ್ವಿತೀಯಾ ಅನ್ನು, ತೃತೀಯಾ ಇಂದ, ಚತುರ್ಥೀ ಗೆ ಇಗೆ ಕ್ಕೆ, ಪಂಚಮೀ ದೆಸೆಯಿಂದ. ಈ ದೆಸೆಯಿಂದ ಅನ್ನುವುದನ್ನು ನಾನು ಜೀವನದಲ್ಲಿ ಪರೀಕ್ಷೆ ಬಿಟ್ಟು ಎಲ್ಲೂ ಬಳಸಿಲ್ಲ. ಚಾಕುವಿನಿಂದ ಕುಯ್ದೆ, ಹುಬ್ಬಳ್ಳಿಯಿಂದ ಬಂದೆ, ಎರಡಕ್ಕೂ ಇಂದ. ಸಂಸ್ಕೃತಕ್ಕೆ ಎರಡು ಬೇಕು ಅಂತ ನಮ್ಮ ಮೇಷ್ಟ್ರುಗಳು ಕನ್ನಡಕ್ಕೂ ಎರಡು ಹೊಲಿದರು. ಲ್ಯಾಟಿನ್ ನಮ್ಮ ಹಾಗೇ. ಕುಲ್ತ್ರೋ ಅಂದರೆ ಚಾಕುವಿನಿಂದ, ರೋಮಾ ವೆನಿತ್ ಅಂದರೆ ರೋಮಿನಿಂದ ಬರುತ್ತಾನೆ, ಎರಡೂ ಒಂದೇ ವಿಭಕ್ತಿ. ಅದರ ಹೆಸರು ಅಬ್ಲೇಟಿವ್. ಇನ್ನೂ ಮಜಾ ಏನಂದರೆ ನಮ್ಮ ಅಲ್ಲಿ ಕೂಡ ಹೆಚ್ಚಾಗಿ ಇದರೊಳಗೇ ಸೇರಿಹೋಗಿದೆ. ಇನ್ ಹೊರ್ತೋ, ತೋಟದಲ್ಲಿ. ಬಿಸ್ ದಿಯೇ, ದಿನದಲ್ಲಿ ಎರಡು ಸಲ. ಹೋರಾ ಸೊಮ್ನೀ, ನಿದ್ದೆಯ ಹೊತ್ತಿನಲ್ಲಿ. ಚೀಟಿ ಮೇಲೆ ದಿನಾ ನೋಡುವ ಬಿಡಿಯಲ್ಲಿ ಡಿ ಇರುವುದು ಸಪ್ತಮೀ ಅರ್ಥದಲ್ಲಿ ಅಂತ ಗೊತ್ತಾದ ದಿನ ನಾನು ಎರಡು ಸಲ ಚಹಾ ತರಿಸಿದೆ.

ಅಂದ ಹಾಗೆ ಆ ಹೋರಾ. ಅಂಗಡಿ ಗೋಡೆಯ ಪಂಚಾಂಗದಲ್ಲೂ ಹೋರಾ ಇದೆ, ಇಂಥ ಗ್ರಹದ ಹೋರಾ ಅಂತ. ಸುಮ್ನೆ ಕಾಕತಾಳೀಯ ಅಂದುಕೊಂಡಿದ್ದೆ. ಅಲ್ಲ, ಎರಡೂ ಗ್ರೀಕಿನಿಂದ ಬಂದ ಒಂದೇ ಪದ, ಒಂದು ಆ ಕಡೆ ಹೋಯಿತು, ಒಂದು ಈ ಕಡೆ. ಸಂಸ್ಕೃತದ ನೆಂಟಸ್ತನ ಬೇರೆ ಥರದ್ದು, ಅದು ಸಾಲ ತಂದದ್ದಲ್ಲ, ಹುಟ್ಟಿನಿಂದ ಬಂದದ್ದು. ಮಾತೇರ್ ಮಾತೃ, ದಂತಕ್ಕೆ ದೆಂತ್, ಮೂಗಿಗೆ ನಾಸುಸ್, ಮೊಣಕಾಲಿಗೆ ಗೆನೂ, ನಮ್ಮ ಜಾನು. ಏಳಕ್ಕೆ ಸೆಪ್ತೆಮ್, ಬೆಂಕಿಗೆ ಇಗ್ನಿಸ್. 1786ರಲ್ಲಿ ಕಲ್ಕತ್ತೆಯಲ್ಲಿ ಜಡ್ಜ್ ಆಗಿದ್ದ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಬೇರಿನವು ಅಂತ ಹೇಳಿದ್ದು ಇದನ್ನೆಲ್ಲ ನೋಡಿಯೇ. ಹಾಗಾಗಿ ಕನ್ನಡದವರಿಗೆ ಎರಡು ಕಡೆಯಿಂದ ಲಾಭ: ವಾಕ್ಯದ ಗುಣ ದ್ರಾವಿಡದಿಂದ, ಪದಗಳ ಗುರುತು ಸಂಸ್ಕೃತದಿಂದ.

ಇಷ್ಟು ಹೊಗಳಿದ ಮೇಲೆ ಕಷ್ಟವನ್ನೂ ಹೇಳಬೇಕು, ಇಲ್ಲದಿದ್ದರೆ ನಾಳೆ ಬಂದು ಬೈಯುತ್ತೀರಿ.

ಕನ್ನಡದಲ್ಲಿ ಪ್ರತ್ಯಯ ಒಂದೇ. ಹೂವಿಗೂ ಅನ್ನು, ರಾಜನಿಗೂ ಅನ್ನು, ಬಹುವಚನ ಆದರೆ ಗಳು ಹಾಕಿ ಅದರ ಮೇಲೆ ಮತ್ತೆ ಅನ್ನು. ಡಬ್ಬಿ ಮೇಲೆ ಡಬ್ಬಿ ಇಟ್ಟ ಹಾಗೆ. ಲ್ಯಾಟಿನ್ನಿನಲ್ಲಿ ಎಲ್ಲ ಕರಗಿ ಒಂದೇ ಗುಳಿಗೆ ಆಗಿರುತ್ತದೆ. ರೊಸ ಅಂದರೆ ಗುಲಾಬಿ. ರೊಸಮ್, ಗುಲಾಬಿಯನ್ನು. ರೊಸಾ, ಗುಲಾಬಿಯಿಂದ. ಸರಿ. ಆದರೆ ರೊಸೈ? ಅದು ಗುಲಾಬಿಯ ಅಂತಲೂ ಆಗುತ್ತದೆ, ಗುಲಾಬಿಗೆ ಅಂತಲೂ ಆಗುತ್ತದೆ, ಗುಲಾಬಿಗಳು ಅಂತಲೂ ಆಗುತ್ತದೆ. ಮೂರರಲ್ಲಿ ಯಾವುದು ಅಂತ ಅಕ್ಕಪಕ್ಕದ ಪದ ನೋಡಿಯೇ ತಿಳಿಯಬೇಕು. ಇಂಥ ಐದು ಗುಂಪು ಇವೆ, ಒಂದೊಂದು ಗುಂಪಿಗೆ ಒಂದೊಂದು ಬಾಲ. ಒಂಬತ್ತನೇ ಪಾಠದಲ್ಲಿ ಮೂರನೇ ಗುಂಪು ಬಂದಾಗ ನಾನು ಹದಿನೈದು ದಿನ ಪುಸ್ತಕ ಮುಟ್ಟಲಿಲ್ಲ. ನಿಜ ಹೇಳುತ್ತೇನೆ.

ಎರಡನೆಯದು ನಮ್ಮದೇ ಕೆಟ್ಟ ಚಾಳಿ. ಮಾತಿನಲ್ಲಿ ನಾವು ನೀರನ್ನು ಕುಡಿದೆ ಅನ್ನುವುದಿಲ್ಲ, ನೀರು ಕುಡಿದೆ ಅಂತೀವಿ. ಅದೇ ಧಾಟಿಯಲ್ಲಿ ಅಕ್ವ ಬಿಬೋ ಅಂತ ಬರೆದುಬಿಡುತ್ತೇನೆ. ತಪ್ಪು. ಅಕ್ವಮ್ ಬಿಬೋ. ಅಭ್ಯಾಸದಲ್ಲಿ ನನ್ನ ಅರ್ಧ ತಪ್ಪು ಇದೊಂದರಿಂದಲೇ.

ಮೂರನೆಯದು ಲಿಂಗ. ಕನ್ನಡದಲ್ಲಿ ಗಂಡಸು, ಹೆಂಗಸು, ಉಳಿದದ್ದೆಲ್ಲ ಅದು. ಲ್ಯಾಟಿನ್ನಿನಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು, ಯುದ್ಧ ನಪುಂಸಕ. ಯಾಕೆ ಅಂತ ಕೇಳುವ ಹಾಗಿಲ್ಲ. ಆದರೆ ಬೆಳಗಾವಿಯವರಿಗೆ ಇಲ್ಲೂ ಒಂದು ಕಳ್ಳದಾರಿ ಇದೆ. ಬಜಾರಿನಲ್ಲಿ ದಿನಾ ಮರಾಠಿ ಮಾತಾಡುತ್ತೇವಲ್ಲ, ತೋ ದರವಾಜಾ, ತೀ ಖುರ್ಚಿ, ತೇ ಪುಸ್ತಕ. ಬಾಗಿಲು ಗಂಡು, ಕುರ್ಚಿ ಹೆಣ್ಣು. ಗಡಿ ಗಲಾಟೆ ಪಕ್ಕಕ್ಕಿಡಿ, ಮೂರು ಲಿಂಗದ ಲೆಕ್ಕ ನಾವು ಚಿಕ್ಕಂದಿನಲ್ಲೇ ಬೀದಿಯಲ್ಲಿ ಕಲಿತಿದ್ದೇವೆ. ಮೈಸೂರು ಕಡೆಯ ನನ್ನ ಷಡ್ಡಕ ಇದನ್ನು ಕೇಳಿ ತಲೆ ಕೆರೆದುಕೊಂಡ, ನಮ್ಮ ಕೆಲಸದ ಹುಡುಗ ಅರ್ಧ ನಿಮಿಷದಲ್ಲಿ ಹಿಡಿದ.

ಲಿಂಗದ ಪಾಠ ನನಗೆ ಪೂರ್ತಿ ಕೂತದ್ದು ಪುಸ್ತಕದಲ್ಲಲ್ಲ, ಆಯುರ್ವೇದದ ಕಪಾಟಿನಲ್ಲಿ. ಚೂರ್ಣದ ಡಬ್ಬಿ ತಿರುಗಿಸಿ ನೋಡಿ, ಗಿಡದ ಹೆಸರು ಲ್ಯಾಟಿನ್ನಿನಲ್ಲಿ ಇರುತ್ತದೆ. ಶುಂಠಿ, ಜಿಂಜಿಬೆರ್ ಅಫಿಷಿನಾಲೆ. ನೆಲ್ಲಿಕಾಯಿ, ಎಂಬ್ಲಿಕಾ ಅಫಿಷಿನಾಲಿಸ್. ಒಂದಕ್ಕೆ ಲೆ, ಒಂದಕ್ಕೆ ಲಿಸ್, ಪ್ರಿಂಟಿಂಗ್ ತಪ್ಪು ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ತಪ್ಪಲ್ಲ. ಶುಂಠಿ ನಪುಂಸಕ, ನೆಲ್ಲಿ ಸ್ತ್ರೀಲಿಂಗ, ವಿಶೇಷಣ ಅದರಂತೆ ಬದಲಾಗಿದೆ. ಆ ವಿಶೇಷಣ ಬಂದದ್ದು ಸಾಮಾನು ತಯಾರಿಸುವ, ಇಡುವ ಕೋಣೆಯ ಹೆಸರಿನಿಂದ, ಹಳೇ ಕಾಲದ ಔಷಧದ ಉಗ್ರಾಣ ಅನ್ನಿ. ಅಂದರೆ ಅರ್ಧ ಕಪಾಟಿನ ಮೇಲೆ ನಮ್ಮ ಅಂಗಡಿಯ ಹೆಸರೇ ಬರೆದಿದೆ! ಅಶ್ವಗಂಧದ ಹೆಸರು ವಿಥಾನಿಯಾ ಸೊಮ್ನಿಫೆರಾ. ಸೊಮ್ನೀ ನೆನಪಿದೆಯಲ್ಲ, ಎಚ್‌ಎಸ್ ಚೀಟಿಯದ್ದು? ನಿದ್ದೆ ತರುವಂಥದ್ದು ಅಂತ ಅರ್ಥ. ಹುಣಸೆ ಟ್ಯಾಮರಿಂಡಸ್ ಇಂಡಿಕಾ, ಅರಳಿ ಫೈಕಸ್ ರಿಲಿಜಿಯೋಸಾ. ಹೆಸರು ಅಸ್ ಅಂತ ಗಂಡಿನ ಹಾಗೆ ಮುಗಿದರೂ ವಿಶೇಷಣ ಆ ಅಂತ ಹೆಣ್ಣಿನದ್ದು. ಯಾಕಂದರೆ ಲ್ಯಾಟಿನ್ನಿನವರಿಗೆ ಮರಗಳು ಹೆಚ್ಚಾಗಿ ಹೆಣ್ಣು. ಅರಳಿಕಟ್ಟೆ ಸುತ್ತುವ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಹೇಳಿದೆ, ಅವರಿಗೇನೂ ಆಶ್ಚರ್ಯ ಆಗಲಿಲ್ಲ.

ಉಚ್ಚಾರದ ವಿಷಯ. ಕ್ಯಾಂಪ್ ಕಡೆಯಿಂದ ಒಬ್ಬರು ವಯಸ್ಸಾದ ಫಾದರ್ ಶುಗರ್ ಗುಳಿಗೆಗೆ ಬರುತ್ತಾರೆ. ಪುಸ್ತಕ ನೋಡಿ ನಿಂತೇಬಿಟ್ಟರು. ಅವರು ಸೆಮಿನರಿಯಲ್ಲಿದ್ದಾಗ ಪೂಜೆ, ಪಾಠ ಎಲ್ಲ ಲ್ಯಾಟಿನ್ನಿನಲ್ಲೇ, 1962ರಿಂದ 65ರವರೆಗೆ ನಡೆದ ವ್ಯಾಟಿಕನ್ ಸಭೆಯ ನಂತರವೇ ಆಯಾ ಊರಿನ ಭಾಷೆ ಬಂದದ್ದು. ಒಂದು ಪುಟ ನನ್ನ ಮುಂದೆ ಓದಿದರು. ಸ್ವಚ್ಛ ಹಾಡಿನ ಹಾಗೆ. ಆದರೆ ನಾನು ಕಲಿತದ್ದೇ ಬೇರೆ! ಸೀಸರ್ ಹೆಸರನ್ನು ನಾನು ಕೈಸರ್ ಅಂತೀನಿ, ಅವರು ಚೇಸರ್ ಅಂತಾರೆ. ಶಾಂತಿಯನ್ನು ಅನ್ನುವುದಕ್ಕೆ ನಾನು ಪಾಕೆಮ್, ಅವರು ಪಾಚೆಮ್. ಚರ್ಚಿನ ಉಚ್ಚಾರ ಇಟಲಿಯ ಧಾಟಿಯದು, ಓರ್ಬರ್ಗ್ ತಾವೇ ಓದಿ ರೆಕಾರ್ಡ್ ಮಾಡಿರುವುದು ಹಳೇ ರೋಮಿನ ಉಚ್ಚಾರ. ಯಾವುದು ಸರಿ ಅಂತ ಕೇಳಿದೆ. "ನಿಮ್ಮ ಕಡೆ ಹಾಂಗ, ಹುಬ್ಬಳ್ಳ್ಯಾಗ ಹಿಂಗ, ಬೆಂಗಳೂರಾಗ ಮತ್ತೊಂದು, ಕನ್ನಡ ಬದಲಾತೇನು?" ಅಂದರು. ಈಗ ಅವರು ತಿಂಗಳಿಗೊಮ್ಮೆ ಬಂದಾಗ ನಾನು ಒಂದು ಪುಟ ಒಪ್ಪಿಸುತ್ತೇನೆ, ಅವರು ದೀರ್ಘ ತಪ್ಪಿದ ಕಡೆ ಮಾತ್ರ ಕೌಂಟರ್ ಗಾಜಿನ ಮೇಲೆ ಬೆರಳಿನಿಂದ ಟಕ್ ಅಂತ ತಟ್ಟುತ್ತಾರೆ.

ಪುಸ್ತಕದಲ್ಲಿ ನನಗೆ ಸೇರದ್ದು: ಪಾಠದ ಕೊನೆಗೆ ಮೂರು ಅಭ್ಯಾಸ ಇರುತ್ತವೆ, ಬಾಲ ತುಂಬುವುದು, ಪದ ತುಂಬುವುದು, ಪ್ರಶ್ನೆಗೆ ಉತ್ತರ ಬರೆಯುವುದು. ಚೆನ್ನಾಗಿವೆ. ಆದರೆ ಉತ್ತರ ಈ ಪುಸ್ತಕದಲ್ಲಿಲ್ಲ, ಬೇರೆ ಪುಸ್ತಕ ಕೊಳ್ಳಬೇಕು. ಒಬ್ಬನೇ ಓದುವವನು ಸರಿಯೋ ತಪ್ಪೋ ಯಾರನ್ನು ಕೇಳಬೇಕು? ವ್ಯಾಕರಣದ ವಿವರಣೆಯೂ ಲ್ಯಾಟಿನ್ನಿನಲ್ಲೇ, ಪಾಠದ ಉದಾಹರಣೆಗಳನ್ನೇ ಜೋಡಿಸಿಟ್ಟು ನೀನೇ ತಿಳಿದುಕೋ ಅನ್ನುತ್ತದೆ. ಮೊದಲ ಎಂಟು ಪಾಠ ಇಳಿಜಾರಿನಲ್ಲಿ ಸೈಕಲ್ ಬಿಟ್ಟ ಹಾಗೆ, ಆಮೇಲೆ ಒಮ್ಮೆಲೇ ಚೋರ್ಲಾ ಘಾಟ್. ಮಧ್ಯೆ ಅಭ್ಯಾಸಕ್ಕೆ ಇನ್ನೂ ಸ್ವಲ್ಪ ಸುಲಭದ ಓದು ಇದ್ದಿದ್ದರೆ ಆಗುತ್ತಿತ್ತು. ಇನ್ನೊಂದು, ಗುಲಾಮರಿಗೆ ಹೊಡೆಯುವುದು, ಅವರು ಹೆದರಿ ಓಡುವುದು ಎಲ್ಲ ದಿನದ ಮಾತಿನ ಹಾಗೆ ಬಂದುಹೋಗುತ್ತದೆ. ಆ ಕಾಲ ಹಾಗೇ ಇತ್ತು ಸರಿ, ಆದರೂ ಮಗಳ ಮುಂದೆ ಜೋರಾಗಿ ಓದುವಾಗ ನಾಲಿಗೆ ತಡೆಯಿತು.

ಯಾರಿಗೆ ಆಗುತ್ತದೆ? ದಿನಕ್ಕೆ ಅರ್ಧ ಗಂಟೆ ಬಿಡದೆ ಕೂರುವವರಿಗೆ, ಓದುವುದೇ ಬೇಕು ಅನ್ನುವವರಿಗೆ. ಫಾರ್ಮಸಿ, ಸಸ್ಯಶಾಸ್ತ್ರ, ಕಾನೂನು ಓದುವ ಮಕ್ಕಳಿಗೆ ಬರೀ ಪದದ ಅರ್ಥ ಬೇಕಿದ್ದರೆ ಇಷ್ಟು ದೊಡ್ಡ ಪುಸ್ತಕ ಬೇಡ, ದುಡ್ಡು ದಂಡ. ಬಾಲ ಬದಲಾಗುವ ಪಟ್ಟಿ ಗಟ್ಟಿ ಹೊಡೆದೇ ಕಲಿತ ಅಭ್ಯಾಸ ಇದ್ದವರಿಗೂ ಇದು ಸೇರುವುದಿಲ್ಲ. ನಾನು ಒಂದು ಉಪಾಯ ಮಾಡಿಕೊಂಡಿದ್ದೇನೆ: ಪಾಠ ಮೂರು ಸಲ ಓದುವುದು, ನಾಲ್ಕನೇ ಸಲ ಕನ್ನಡದಲ್ಲಿ ಬಾಯಲ್ಲೇ ಹೇಳುವುದು, ಆಮೇಲೆ ಪುಸ್ತಕ ಮುಚ್ಚಿ ಆ ಕನ್ನಡವನ್ನೇ ಮತ್ತೆ ಲ್ಯಾಟಿನ್ ಮಾಡುವುದು. ಉತ್ತರದ ಪುಸ್ತಕ ಇಲ್ಲದ ಕೊರತೆ ಇದರಿಂದ ಮುಕ್ಕಾಲು ತೀರುತ್ತದೆ, ಯಾಕಂದರೆ ಉತ್ತರ ಮುಚ್ಚಿದ ಪುಟದಲ್ಲೇ ಇರುತ್ತದೆ.

ಛಂದಸ್ಸಿನ ಪಾಠ ಇನ್ನೂ ಮುಟ್ಟಿಲ್ಲ, ಅದು 34ನೆಯದು. ಹಾಳೆ ತಿರುವಿ ನೋಡಿದೆ ಅಷ್ಟೇ. ಗುರುವಿಗೆ ಅಡ್ಡ ಗೆರೆ, ಲಘುವಿಗೆ ಬಟ್ಟಲಿನ ಗುರುತು. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ ಅದೇ ಗುರುತುಗಳು. ಎರಡು ವ್ಯಂಜನದ ಹಿಂದಿನದು ಗುರು, ಅದೂ ಅದೇ. ಕನ್ನಡ ಮೇಷ್ಟ್ರ ಕೈಯಲ್ಲಿ ತಿಂದ ಪೆಟ್ಟು ಅಲ್ಲಿ ಕೆಲಸಕ್ಕೆ ಬರಬಹುದು.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಉತ್ತರ ಇಲ್ಲದ್ದಕ್ಕೆ.

ಹೋದ ಗಣಪತಿ ಹಬ್ಬ ಮುಗಿದ ವಾರ ಅಸಲಿ ಪ್ರತಿ ಶುರು ಮಾಡಿದ್ದು, ಈಗ 29ನೇ ಪಾಠದಲ್ಲಿದ್ದೇನೆ. 27ರಲ್ಲಿ ಎಸ್‌ಒಎಸ್‌ನ ಆ ಕೊನೆಯ ಎಸ್ ಬಿಡಿಸಿತು. ಎಸ್ತ್ ಅಂದರೆ ಇದೆ, ಸಿತ್ ಅಂದರೆ ಇದ್ದರೆ, ಇರಲಿ ಅನ್ನುವ ಧಾಟಿ. ಟಿಡಿಎಸ್‌ನ ಎಸ್ ಇನ್ನೂ ಬಾಕಿ ಇದೆ, ಸೂಮೆಂದುಮ್ ಅನ್ನುವ ಆ "ಬೇಕಾದದ್ದು" ರೂಪ ಬರುವುದು 31ರಲ್ಲಿ. ಈ ಸಲದ ಗಣಪತಿ ಕೂರುವುದರೊಳಗೆ ಅಲ್ಲಿಗೆ ಮುಟ್ಟಬೇಕು ಅಂತ ಇದೆ. ಅಜ್ಜಿ ಮೊನ್ನೆ ಬಂದಿದ್ದರು, ಈಗ ಅವರ ಚೀಟಿಯಲ್ಲಿ ಟಿಡಿಎಸ್ ಇದೆ.